ಮೇಲ್ ಯಾವಾಗ ನೋಡಬೇಕು? ಚಿಕ್ಕಮಗಳೂರು ಕಡೆಯ ಆಫೀಸಿನವರಿಗೊಂದು ಮಾರ್ಗದರ್ಶಿ

ಕಾಫಿ ವ್ಯಾಪಾರದ ಆಫೀಸಿನಲ್ಲಿ ಕೂತು ಬೆಳಗ್ಗೆ ಹತ್ತು ಗಂಟೆಗೆ ಹೊಸ ದರದ ಮೇಲ್ ಬಂತಾ ಅಂತ ನೋಡಿದರೆ ಏನೂ ಸಿಗುವುದಿಲ್ಲ. ಲಂಡನ್ನಿನಲ್ಲಿ ಆಗಿನ್ನೂ ಬೆಳಗಿನ ಜಾವ. ರೊಬಸ್ಟಾ ಕಾಫಿಯ ಫ್ಯೂಚರ್ಸ್ (ಮುಂದಿನ ತಿಂಗಳುಗಳ ಕಾಫಿಗೆ ಈಗಲೇ ದರ ಕುದುರಿಸುವ) ವಹಿವಾಟು ಅಲ್ಲಿ ಶುರುವಾಗುವುದು ಅವರ ಒಂಬತ್ತು ಗಂಟೆಗೆ. ನಮ್ಮ ಗಡಿಯಾರದಲ್ಲಿ ಅದು ಮಧ್ಯಾಹ್ನ ಒಂದೂವರೆ, ಅವರ ಚಳಿಗಾಲದಲ್ಲಾದರೆ ಎರಡೂವರೆ. ಅರೇಬಿಕಾದ ನ್ಯೂಯಾರ್ಕ್ ಮಾರುಕಟ್ಟೆ ತೆರೆಯುವುದೂ ನಮ್ಮ ಮಧ್ಯಾಹ್ನವೇ. ಹಿಂದಿನ ರಾತ್ರಿ ಎಷ್ಟಕ್ಕೆ ಮುಗಿಯಿತು ಎಂದು ಬೆಳಗ್ಗೆ ಒಮ್ಮೆ ನೋಡಿದರೆ ಸಾಕು. ಆದರೂ ಊಟಕ್ಕೆ ಏಳುವಷ್ಟರಲ್ಲಿ ಇನ್‌ಬಾಕ್ಸ್ ಅದೆಷ್ಟು ಸಲ ತೆರೆದಿರುತ್ತೇವೋ!

ಕಾಫಿಯವರದ್ದು ಮಾತ್ರ ಈ ಕತೆ ಅಲ್ಲ. ಐ.ಜಿ. ರಸ್ತೆಯ ಆಡಿಟರ್ ಆಫೀಸು, ಮೂಡಿಗೆರೆ ಕಡೆಯ ಹೋಂಸ್ಟೇ, ಕೊಪ್ಪದ ಮನೆಯ ಜಗಲಿಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಬೆಂಗಳೂರು ಕಂಪನಿಗೆ ಕೆಲಸ ಮಾಡುವ ಹುಡುಗರು, ಎಲ್ಲ ಕಡೆ ಇದೇ ಹಾಡು. ಇದಕ್ಕೆ ಸಾಮಾನ್ಯವಾಗಿ ಸಿಗುವ ಸಲಹೆ 'ದಿನಕ್ಕೆ ಮೂರು ಸಲ ಮಾತ್ರ ಮೇಲ್ ನೋಡಿ' ಅಂತ. ಎಲ್ಲರಿಗೂ ಒಂದೇ ಅಳತೆ ಹಾಕುವ ಈ ಸಲಹೆ ನನಗೆ ಅಷ್ಟು ಹಿಡಿಸಿಲ್ಲ. ನಿಮ್ಮ ಕೆಲಸಕ್ಕೆ ಬೇಕಾದ ಮೇಲ್ ಯಾವ ಹೊತ್ತಿಗೆ ಬರುತ್ತದೆ ಎಂದು ಮೊದಲು ಗೊತ್ತು ಮಾಡಿಕೊಳ್ಳಿ. ನೋಡುವ ಹೊತ್ತನ್ನು ಅದಕ್ಕೆ ಹೊಂದಿಸಿ. ಸಂಖ್ಯೆ ಎರಡಾದರೂ ಸರಿ, ಐದಾದರೂ ಸರಿ.

ಸುಮ್ನೆ ಇಣುಕಿದರೆ ಹೋಗುವುದೇನು?

ಕಾಫಿ ಸಂಸ್ಕರಿಸುವ ಕ್ಯೂರಿಂಗ್‌ನಲ್ಲಿ ಔಟ್‌ಟರ್ನ್ ರಿಪೋರ್ಟ್, ಅಂದರೆ ಬಂದ ಕಾಫಿಯಲ್ಲಿ ಎಷ್ಟು ಬೀಜ ಇಳಿಯಿತು ಎಂಬ ಲೆಕ್ಕ, ಮಾಡುತ್ತಿದ್ದೀರಿ ಎಂದುಕೊಳ್ಳಿ. ಎಷ್ಟು ಮೂಟೆ ಬಂತು, ತೇವಾಂಶ ಎಷ್ಟಿತ್ತು, ಯಾವ ಗ್ರೇಡ್ ಎಷ್ಟು ಕೆಜಿ ಇಳಿಯಿತು, ಎಲ್ಲ ತಲೆಯಲ್ಲಿದೆ. ಪರದೆಯ ಮೂಲೆಯಲ್ಲಿ ಮೇಲ್ ಬಂದ ಸೂಚನೆ ಕಾಣುತ್ತದೆ. ತೆರೆದರೆ ಯಾವುದೋ ಕೊರಿಯರ್ ಜಾಹೀರಾತು. ಅಳಿಸಿ ವಾಪಸ್ ಬರುತ್ತೀರಿ. ಪೀಬರಿ (ಒಂಟಿ ದುಂಡು ಬೀಜದ ಗ್ರೇಡ್) ಸಾಲು ಕೂಡಿಸಿದ್ದೆನಾ, ಇಲ್ಲವಾ? ಮತ್ತೆ ಮೇಲಿನಿಂದ ಶುರು.

ಇದನ್ನು ಅಳೆದು ನೋಡಿದವರಿದ್ದಾರೆ. ಇಂಗ್ಲೆಂಡಿನ ಲಫ್‌ಬರೋ ವಿಶ್ವವಿದ್ಯಾಲಯದ ಥಾಮಸ್ ಜಾಕ್ಸನ್ ಮತ್ತು ಜೊತೆಗಾರರು 2000ದ ದಶಕದ ಆರಂಭದಲ್ಲಿ ಒಂದು ಕಂಪನಿಯ ನೌಕರರನ್ನು ಗಮನಿಸಿದರು. ಬಂದ ಮೇಲ್‌ಗಳಲ್ಲಿ ಶೇ 70ರಷ್ಟಕ್ಕೆ 6 ಸೆಕೆಂಡಿನೊಳಗೇ ಕೈ ಹೋಗುತ್ತಿತ್ತು. ನೋಡಿದ ಮೇಲೆ ಕೆಲಸ ಮೊದಲಿನ ವೇಗಕ್ಕೆ ಬರಲು ಸರಾಸರಿ 64 ಸೆಕೆಂಡು ಬೇಕಾಯಿತು.

'ಒಮ್ಮೆ ಅಡ್ಡಿಯಾದರೆ 23 ನಿಮಿಷ ಹೋಯಿತು' ಎಂಬ ಮಾತನ್ನೂ ನೀವು ಓದಿರಬಹುದು. ಅದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ವೈನ್ ಕ್ಯಾಂಪಸ್ಸಿನ ಗ್ಲೋರಿಯಾ ಮಾರ್ಕ್ ಅವರ ಲೆಕ್ಕ. ಜನ ಅದನ್ನು ತಪ್ಪಾಗಿ ಬಳಸುವುದೇ ಜಾಸ್ತಿ. 23 ನಿಮಿಷವೂ ತಲೆ ಕೆಲಸ ಮಾಡದೆ ಕೂತಿರುತ್ತದೆ ಎಂದು ಅದರ ಅರ್ಥ ಅಲ್ಲ. ಕೆಲಸ ತುಂಡಾದಾಗ ನಾವು ನೇರ ಅಲ್ಲಿಗೇ ಮರಳುವುದಿಲ್ಲ. ಮಧ್ಯೆ ಬೇರೆ ಒಂದೆರಡು ಕೆಲಸಕ್ಕೆ ಕೈ ಹಾಕಿ, ಸುತ್ತಿ ಬರುತ್ತೇವೆ. ಆ ಸುತ್ತಾಟದ ಸಮಯವೂ ಅದರಲ್ಲಿದೆ. ಜಾಕ್ಸನ್ ಲೆಕ್ಕ ಒಂದು ನಿಮಿಷ, ಇವರ ಲೆಕ್ಕ 23 ನಿಮಿಷ. ಎರಡೂ ಬೇರೆ ಬೇರೆ ಸಂಗತಿಯನ್ನು ಅಳೆದಿವೆ.

ಇದೇ ಮಾರ್ಕ್ ಮತ್ತು ಜೊತೆಗಾರರು 2012ರಲ್ಲಿ ಇನ್ನೊಂದು ಪ್ರಯೋಗದ ಫಲಿತಾಂಶ ಕೊಟ್ಟರು. 13 ಜನ ನೌಕರರಿಗೆ ಐದು ದಿನ ಮೇಲನ್ನೇ ನಿಲ್ಲಿಸಿ, ಎದೆಬಡಿತ ಅಳೆಯುವ ಯಂತ್ರ ಕಟ್ಟಿ ನೋಡಿದರು. ಮೇಲ್ ಇದ್ದಾಗ ಗಂಟೆಗೆ ಸುಮಾರು 37 ಸಲ ಪರದೆ ಬದಲಾಯಿಸುತ್ತಿದ್ದವರು, ಇಲ್ಲದಾಗ ಸುಮಾರು 18 ಸಲ ಬದಲಾಯಿಸಿದರು. ಒತ್ತಡವೂ ಇಳಿಯಿತು. 13 ಜನ ಅಂದರೆ ಸಣ್ಣ ಗುಂಪು, ನಿಜ. ಆದರೆ ಒಂದೇ ಕಿಟಕಿಯಲ್ಲಿ ಹೆಚ್ಚು ಹೊತ್ತು ನಿಲ್ಲಲು ಆಗುತ್ತದೆ ಎಂಬುದು ಯಾರು ಬೇಕಾದರೂ ತಮ್ಮ ಮೇಜಿನಲ್ಲೇ ಪರೀಕ್ಷಿಸಬಹುದಾದ ಮಾತು.

ಹೊತ್ತು ಗೊತ್ತು ಮಾಡಿಕೊಂಡು ನೋಡಿದರೆ ಒತ್ತಡ ಕಡಿಮೆಯಾಗುತ್ತದಾ? ಇಲ್ಲಿ ಉತ್ತರ ಒಂದೇ ಥರ ಇಲ್ಲ. ಕೆನಡಾದಲ್ಲಿ ಕೊಸ್ತಾದಿನ್ ಕುಶ್ಲೆವ್ ಮತ್ತು ಎಲಿಜಬೆತ್ ಡನ್ 124 ಜನರನ್ನು ಒಂದು ವಾರ ದಿನಕ್ಕೆ ಮೂರೇ ಸಲ, ಇನ್ನೊಂದು ವಾರ ಬೇಕಾದಷ್ಟು ಸಲ ಮೇಲ್ ನೋಡಲು ಬಿಟ್ಟರು. 2015ರಲ್ಲಿ ಬಂದ ಅವರ ವರದಿಯ ಪ್ರಕಾರ ಮೂರೇ ಸಲ ನೋಡಿದ ವಾರ ಒತ್ತಡ ಕಡಿಮೆ ಇತ್ತು. ಮರುವರ್ಷವೇ ಮಾರ್ಕ್ ಅವರ ತಂಡ 40 ಜನರನ್ನು 12 ಕೆಲಸದ ದಿನ ಗಮನಿಸಿ, ಮೇಲ್‌ಗಳನ್ನು ಕೂಡಿಟ್ಟು ಒಂದೇ ಸಲಕ್ಕೆ ನೋಡುವವರಿಗೆ ಕೆಲಸ ಚೆನ್ನಾಗಿ ಸಾಗಿದೆ ಅನ್ನಿಸಿದರೂ ಒತ್ತಡ ಇಳಿದದ್ದು ಕಾಣಲಿಲ್ಲ ಎಂದಿತು. ಅದೇ ಅಧ್ಯಯನದಲ್ಲಿ ಇನ್ನೊಂದು ಮಾತು ಸ್ಪಷ್ಟವಾಗಿತ್ತು: ದಿನದಲ್ಲಿ ಮೇಲ್ ಮುಂದೆ ಕೂತ ಒಟ್ಟು ಹೊತ್ತು ಹೆಚ್ಚಾದಷ್ಟೂ ಒತ್ತಡ ಹೆಚ್ಚು. ಹಾಗಾಗಿ ಸಲ ಕಡಿಮೆ ಮಾಡಿ, ಪ್ರತಿ ಸಲ ಒಂದು ಗಂಟೆ ಕೂತರೆ ಏನೂ ಉಳಿಯುವುದಿಲ್ಲ.

ಹಂತ 1: ಎರಡು ಮೂರು ದಿನ ಗೀಟು ಹಾಕಿ

ಆ್ಯಪ್ ಬೇಡ. ಒಂದು ಚೀಟಿ ಸಾಕು. ಮೇಲ್ ತೆರೆದಾಗಲೆಲ್ಲ ಒಂದು ಗೀಟು ಎಳೆಯಿರಿ. ಪಕ್ಕದಲ್ಲಿ ಒಂದು ಅಕ್ಷರ ಬರೆಯಿರಿ. ಸದ್ದು ಬಂತು ಅಂತ ನೋಡಿದರೆ 'ಸ'. ಯಾವುದೋ ಉತ್ತರಕ್ಕೆ ಕಾಯುತ್ತಿದ್ದರೆ 'ಕಾ'. ಕೆಲಸ ಬೇಜಾರಾಗಿ ನೋಡಿದರೆ 'ಬೇ'.

'ಬೇ' ನೀವು ಅಂದುಕೊಂಡದ್ದಕ್ಕಿಂತ ಜಾಸ್ತಿ ಬರುತ್ತದೆ. ಆಫೀಸಿನಲ್ಲಿ ಆಗುವ ಅಡ್ಡಿಗಳಲ್ಲಿ ಸುಮಾರು ಅರ್ಧದಷ್ಟು ನಾವೇ ತಂದುಕೊಂಡದ್ದು ಎಂದು ಮಾರ್ಕ್ ಅವರ ಅಧ್ಯಯನಗಳೂ ಹೇಳುತ್ತವೆ. ಕಷ್ಟದ ಸಾಲು ಬಂತು, ಲೆಕ್ಕ ತಾಳೆಯಾಗಲಿಲ್ಲ, ತಕ್ಷಣ ಕೈ ಇನ್‌ಬಾಕ್ಸ್ ಕಡೆ ಹೋಯಿತು. ಈ ಗೀಟುಗಳನ್ನು ನೋಡದೆ ಮುಂದಿನ ಹಂತಕ್ಕೆ ಹೋಗಬೇಡಿ. 'ಸ' ಜಾಸ್ತಿ ಇದ್ದವರಿಗೆ ಮೂರನೇ ಹಂತವೇ ಮುಖ್ಯ ಮದ್ದು. 'ಕಾ' ಇದ್ದವರಿಗೆ ನಾಲ್ಕನೆಯದು. 'ಬೇ' ಇದ್ದವರು ಮೇಲ್ ಬಿಟ್ಟು ಎದ್ದು ಒಂದು ಲೋಟ ನೀರು ಕುಡಿದು ಬರಲಿ, ಅಷ್ಟೇ.

ಹಂತ 2: ಮೇಲ್ ಬರುವ ಹೊತ್ತು ಹಿಡಿಯಿರಿ

ಕಳೆದ ಎರಡು ವಾರದ ಇನ್‌ಬಾಕ್ಸ್ ತೆರೆದು, ನಿಜವಾಗಿ ಕೆಲಸಕ್ಕೆ ಬಂದ ಮೇಲ್‌ಗಳು ಯಾವ ಗಂಟೆಗೆ ಬಂದಿವೆ ನೋಡಿ. ಜಾಹೀರಾತು, ಸುತ್ತೋಲೆ, 'ಓಕೆ ಸರ್', 'ನೋಟೆಡ್' ಎಲ್ಲ ಬಿಟ್ಟುಬಿಡಿ. ಉಳಿದವು ಸಾಮಾನ್ಯವಾಗಿ ಎರಡು ಮೂರು ಹೊತ್ತಿನಲ್ಲಿ ಗುಂಪಾಗಿರುತ್ತವೆ.

ಕಾಫಿ ಖರೀದಿ, ರಫ್ತಿನ ಆಫೀಸಿನವರ ಹೊತ್ತು ಮೇಲೆ ಹೇಳಿದಂತೆ ಮಧ್ಯಾಹ್ನದ ಮೇಲೆ. ಯುರೋಪಿನ ಖರೀದಿದಾರರು ಆಫೀಸಿಗೆ ಬರುವುದೂ ಆಗಲೇ. ಅಂದರೆ ಬೆಳಗ್ಗೆ ಆಫೀಸು ತೆರೆದಾಗ ಒಮ್ಮೆ ನೋಡಿ, ಆಮೇಲೆ ಊಟದವರೆಗೆ ಮೇಲ್ ಮುಚ್ಚಿಡಿ. ಔಟ್‌ಟರ್ನ್, ಸ್ಟಾಕ್, ಬಿಲ್ಲು, ಸಾಗಣೆಯ ಕಾಗದ, ತಲೆ ಬೇಕಾದ ಕೆಲಸವೆಲ್ಲ ಬೆಳಗ್ಗೆಗೆ ಇರಲಿ. ಮಾರುಕಟ್ಟೆ ತೆರೆದ ಮೇಲೆ ಬೇಕಾದರೆ ಗಂಟೆಗೊಮ್ಮೆ ನೋಡಿ, ಆ ಹೊತ್ತಿನಲ್ಲಿ ಅದೇ ನಿಮ್ಮ ಕೆಲಸ. ಜನವರಿಯಿಂದ ಮಾರ್ಚ್‌ವರೆಗೆ ರೊಬಸ್ಟಾ ಕುಯ್ಲಿನ ಸಮಯದಲ್ಲಿ ಲೋಡು ಬರುತ್ತಲೇ ಇರುತ್ತದೆ. ಆಗ ಈ ವಿಂಗಡಣೆ ಇಲ್ಲದಿದ್ದರೆ ಸಂಜೆ ಏಳಕ್ಕೂ ಲೆಕ್ಕ ಮುಗಿಯುವುದಿಲ್ಲ.

ತೋಟದ ಲೆಕ್ಕ ನೋಡುವ ರೈಟರ್‌ಗೆ ಇಷ್ಟೂ ಬೇಡ. ಚೆಕ್‌ರೋಲ್ (ಆಳುಗಳ ಹಾಜರಿ ಪುಸ್ತಕ) ಬರೆದು, ಬೆಂಗಳೂರಿನಲ್ಲಿರುವ ಮಾಲೀಕರಿಗೆ ದಿನದ ವರದಿ ಕಳಿಸುವಾಗ ಒಮ್ಮೆ, ಬೆಳಗ್ಗೆ ಆಳುಗಳಿಗೆ ಕೆಲಸ ಹಂಚುವ ಮುಂಚೆ ಒಮ್ಮೆ ನೋಡಿದರೆ ಧಾರಾಳ. ತೋಟದ ಒಳಗೆ ನೆಟ್‌ವರ್ಕ್ ಸಿಗುವುದೂ ಅಷ್ಟರಲ್ಲೇ ಇದೆ.

ಆಡಿಟರ್ ಆಫೀಸಿನ ಹೊತ್ತು ದಿನದ ಲೆಕ್ಕದಲ್ಲಿ ಸಿಗುವುದಿಲ್ಲ, ತಿಂಗಳ ಲೆಕ್ಕದಲ್ಲಿ ಸಿಗುತ್ತದೆ. 7ನೇ ತಾರೀಕಿಗೆ ಟಿಡಿಎಸ್ (ಪಾವತಿಯಲ್ಲೇ ಮುರಿದುಕೊಂಡ ತೆರಿಗೆ) ಕಟ್ಟಬೇಕು. ತಿಂಗಳ ಜಿಎಸ್‌ಟಿ ರಿಟರ್ನ್ ಹಾಕುವವರಿಗೆ 11ಕ್ಕೆ ಮಾರಾಟದ ವಿವರದ ಜಿಎಸ್‌ಟಿಆರ್-1, 20ಕ್ಕೆ ತೆರಿಗೆ ಕಟ್ಟುವ ಜಿಎಸ್‌ಟಿಆರ್-3ಬಿ. ಹಾಸನವಿರಲಿ, ಚಿಕ್ಕಮಗಳೂರಿರಲಿ, ಕ್ಲೈಂಟುಗಳು ಬಿಲ್ಲು ಕಳಿಸುವುದು ಕೊನೆಯ ಎರಡು ದಿನದಲ್ಲೇ, ಅಲ್ವಾ? 5ರಿಂದ 11, ಮತ್ತೆ 17ರಿಂದ 20, ಈ ದಿನಗಳಲ್ಲಿ ಎರಡು ಗಂಟೆಗೊಮ್ಮೆ ನೋಡುವ ನಿಯಮ ಇಟ್ಟುಕೊಳ್ಳಿ. ಉಳಿದ ದಿನ ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ. 25ನೇ ತಾರೀಕು ಬ್ಯಾಲೆನ್ಸ್ ಶೀಟ್ ಮುಂದೆ ಕೂತವರು 10ನೇ ತಾರೀಕಿನ ಅಭ್ಯಾಸದಲ್ಲೇ ಐದು ನಿಮಿಷಕ್ಕೊಮ್ಮೆ ಇನ್‌ಬಾಕ್ಸ್ ನೋಡುವುದು ಬರೀ ಕೈಚಟ.

ಹೋಂಸ್ಟೇಯವರ ಅತಿಥಿಗಳು ಹೆಚ್ಚಾಗಿ ಬೆಂಗಳೂರಿನವರು. ಅವರು ವಿಚಾರಿಸುವುದು ತಮ್ಮ ಆಫೀಸು ಮುಗಿದ ಮೇಲೆ ರಾತ್ರಿ ಎಂಟರಿಂದ ಹತ್ತರೊಳಗೆ, ಅದೂ ಬುಧವಾರದಿಂದ ಶುಕ್ರವಾರದವರೆಗೆ. ಆ ಹೊತ್ತಿನಲ್ಲಿ ತಡ ಮಾಡಿದರೆ ಅವರು ಪಕ್ಕದ ಹೋಂಸ್ಟೇ ಬುಕ್ ಮಾಡಿಬಿಡುತ್ತಾರೆ. ಹಾಗಾಗಿ ರಾತ್ರಿ ಪಕ್ಕಾ ಕೂತು ಉತ್ತರ ಕೊಡಿ. ಬೆಳಗ್ಗೆ ತಿಂಡಿ ಬಡಿಸುವಾಗ ಫೋನ್ ಒಳಗಿರಲಿ. ಎದುರಿಗಿರುವ ಅತಿಥಿಗೆ ಕಡುಬು ಬಡಿಸುತ್ತಾ ಮುಂದಿನ ವಾರದ ಅತಿಥಿಗೆ ಟೈಪ್ ಮಾಡುವುದನ್ನು ಈಗಿರುವವರು ಗಮನಿಸುತ್ತಾರೆ.

ಅಮೆರಿಕದ ತಂಡದ ಜೊತೆ ಕೆಲಸ ಮಾಡುವವರಿಗೆ 'ಬೆಳಗ್ಗೆ ಎದ್ದ ತಕ್ಷಣ ಮೇಲ್ ನೋಡಬೇಡಿ' ಎಂಬ ಜನಪ್ರಿಯ ಸಲಹೆ ಸುಳ್ಳು. ಅವರ ದಿನವೆಲ್ಲ ನಮ್ಮ ರಾತ್ರಿ. ಬೆಳಗ್ಗೆ ಕೆಲಸ ಶುರು ಮಾಡುವಾಗ ಒಮ್ಮೆ ಪೂರ್ತಿ ನೋಡಿ ಮುಗಿಸಿ. ಆಮೇಲೆ ಸಂಜೆಯವರೆಗೆ ಅಲ್ಲಿಂದ ಏನೂ ಬರುವುದಿಲ್ಲ, ಅವರು ಮಲಗಿರುತ್ತಾರೆ.

ಹಂತ 3: ಸದ್ದು ನಿಲ್ಲಿಸಿ, ಆದರೆ ಎಲ್ಲವನ್ನೂ ಅಲ್ಲ

ಕಂಪ್ಯೂಟರಿನಲ್ಲಿ ಜಿಮೇಲ್ ಆದರೆ ಸೆಟ್ಟಿಂಗ್ಸ್‌ನ ಜನರಲ್ ಪುಟದಲ್ಲಿ ಡೆಸ್ಕ್‌ಟಾಪ್ ನೋಟಿಫಿಕೇಶನ್ಸ್ ಅಂತ ಇದೆ. ಅಲ್ಲಿ ಮೇಲ್ ನೋಟಿಫಿಕೇಶನ್ಸ್ ಆಫ್ ಆರಿಸಿ, ಪುಟದ ಕೆಳಗೆ ಸೇವ್ ಒತ್ತಿ. ಸೇವ್ ಒತ್ತುವುದನ್ನು ಮರೆಯುವವರೇ ಹೆಚ್ಚು. ಹಳೆಯ ಔಟ್‌ಲುಕ್ ಆದರೆ ಫೈಲ್, ಆಪ್ಶನ್ಸ್, ಮೇಲ್. ಅಲ್ಲಿ ಸದ್ದು, ಟಾಸ್ಕ್‌ಬಾರ್‌ನ ಲಕೋಟೆ ಚಿತ್ರ, ಡೆಸ್ಕ್‌ಟಾಪ್ ಅಲರ್ಟ್ ಎಲ್ಲದಕ್ಕೂ ಟಿಕ್ ತೆಗೆಯಿರಿ. ಔಟ್‌ಲುಕ್‌ನಲ್ಲಿ ಇನ್ನೂ ಒಂದು ಒಳ್ಳೆಯ ಗುಂಡಿ ಇದೆ: ಸೆಂಡ್-ರಿಸೀವ್ ಟ್ಯಾಬ್‌ನ ವರ್ಕ್ ಆಫ್‌ಲೈನ್. ಅದನ್ನು ಒತ್ತಿದರೆ ಹಳೆಯ ಮೇಲ್ ಹುಡುಕಬಹುದು, ಹೊಸದು ಬರುವುದಿಲ್ಲ. ಹಳೆಯ ಆರ್ಡರ್ ಹುಡುಕಲು ಹೋಗಿ ಹೊಸ ಮೇಲ್‌ನಲ್ಲಿ ಸಿಕ್ಕಿಕೊಳ್ಳುವವರಿಗೆ ಇದು ತುಂಬಾ ಉಪಯೋಗ.

ಫೋನಿನ ಜಿಮೇಲ್ ಆ್ಯಪ್‌ನಲ್ಲಿ ಖಾತೆಯ ಸೆಟ್ಟಿಂಗ್ಸ್‌ಗೆ ಹೋದರೆ ಎಲ್ಲ, ಮುಖ್ಯವಾದದ್ದು ಮಾತ್ರ, ಯಾವುದೂ ಬೇಡ ಎಂಬ ಆಯ್ಕೆಗಳಿವೆ. ಕಂಪ್ಯೂಟರಿನಲ್ಲಿ ನಿಲ್ಲಿಸಿ ಫೋನಿನಲ್ಲಿ ಬಿಟ್ಟರೆ ಮೇಜಿನ ಮೇಲಿನ ಫೋನ್ ಅದೇ ಕೆಲಸ ಮಾಡುತ್ತದೆ.

ಪೂರ್ತಿ ನಿಲ್ಲಿಸಲು ಹೆದರಿಕೆಯಾದರೆ ಅದು ಸಹಜ. 2019ರಲ್ಲಿ ನಿಕೋಲಸ್ ಫಿಟ್ಜ್ ಮತ್ತು ಜೊತೆಗಾರರು ಫೋನಿನ ನೋಟಿಫಿಕೇಶನ್‌ಗಳ ಮೇಲೆ ಪ್ರಯೋಗ ಮಾಡಿದರು. ದಿನಕ್ಕೆ ಮೂರು ಸಲ ಒಟ್ಟಿಗೆ ಪಡೆದವರಿಗೆ ಗಮನವೂ ಹೆಚ್ಚಿತ್ತು, ಮನಸ್ಸೂ ಹಗುರವಾಗಿತ್ತು. ಒಂದೂ ಪಡೆಯದವರಿಗೆ ಏನೋ ತಪ್ಪಿಹೋಯಿತು ಎಂಬ ಆತಂಕ ಹೆಚ್ಚಾಯಿತು. ಅದಕ್ಕೇ ಒಂದು ನಡುದಾರಿ ಇಟ್ಟುಕೊಳ್ಳಿ. ಮಾಲೀಕರು, ಮುಖ್ಯ ಖರೀದಿದಾರರು, ತೆರಿಗೆ ಇಲಾಖೆ, ಇಂಥ ಕೆಲವೇ ವಿಳಾಸಗಳಿಗೆ ಫಿಲ್ಟರ್ ಮಾಡಿ ಒಂದು ಲೇಬಲ್ ಕೊಡಿ. ಆಂಡ್ರಾಯ್ಡ್ ಫೋನಿನ ಜಿಮೇಲ್‌ನಲ್ಲಿ ಆ ಲೇಬಲ್‌ಗೆ ಮಾತ್ರ ಸದ್ದು ಬರುವಂತೆ ಇಡಬಹುದು. ಪಟ್ಟಿಯಲ್ಲಿ ಐದಾರು ವಿಳಾಸಕ್ಕಿಂತ ಹೆಚ್ಚು ಸೇರಿಸಿದರೆ ಮತ್ತೆ ಮೊದಲಿನ ಸ್ಥಿತಿಗೇ ಬರುತ್ತೀರಿ.

ಹಂತ 4: ಅರ್ಜೆಂಟಿಗೆ ಫೋನ್ ಎಂದು ಹೇಳಿಬಿಡಿ

ಹೇಳದೆ ಶುರು ಮಾಡಿದರೆ ಎರಡನೇ ದಿನಕ್ಕೇ ಜಗಳ. ಮೇಲಧಿಕಾರಿಗೆ ಮೊದಲೇ ಹೇಳಿ. ಆದರೆ 'ನಾನು ಮೇಲ್ ಕಡಿಮೆ ನೋಡುತ್ತೇನೆ' ಎಂದು ಶುರು ಮಾಡಬೇಡಿ, ಅದು ಸೋಮಾರಿತನದ ಥರ ಕೇಳಿಸುತ್ತದೆ. ಕೆಲಸದಿಂದ ಶುರು ಮಾಡಿ.

"ಸರ್, ಸ್ಟಾಕ್ ಸ್ಟೇಟ್‌ಮೆಂಟ್ ಬೆಳಗ್ಗೇನೇ ಮುಗಿಸಿ ಕೊಡ್ತೀನಿ. ಹತ್ತೂವರೆಯಿಂದ ಒಂದರವರೆಗೆ ಮೇಲ್ ತೆಗೆಯಲ್ಲ. ಮಧ್ಯೆ ಏನಾದ್ರೂ ಬೇಕಿದ್ರೆ ಒಂದು ಫೋನ್ ಮಾಡ್ಬಿಡಿ ಸರ್."

"ಪಾರ್ಟಿ ಮೇಲ್ ಬಂದ್ರೆ?"

"ಅವರಿಗೂ ಹೇಳಿದೀನಿ ಸರ್. ಅರ್ಜೆಂಟಾದ್ರೆ ಅವರೇ ಫೋನ್ ಮಾಡ್ತಾರೆ."

ಇಷ್ಟು ಸಾಕು. ನಮ್ಮ ಕಡೆ ನಿಜವಾದ ಅರ್ಜೆಂಟಿಗೆ ಯಾರೂ ಮೇಲ್ ನೆಚ್ಚಿಕೊಂಡು ಕೂರುವುದಿಲ್ಲ. ಮೇಲ್ ಕಳಿಸಿದ ಮರುಕ್ಷಣ ಫೋನ್ ಮಾಡಿ "ಮೇಲ್ ಹಾಕಿದೀನಿ, ನೋಡಿದ್ರಾ?" ಎಂದು ಕೇಳುವ ಊರು ನಮ್ಮದು. ಆ ಅಭ್ಯಾಸವನ್ನೇ ಬಳಸಿಕೊಳ್ಳಿ. ಫೋನಿನ ಡು ನಾಟ್ ಡಿಸ್ಟರ್ಬ್ ಹಾಕಿದರೂ ಸ್ಟಾರ್ ಹಾಕಿದ ನಂಬರುಗಳ ಕರೆ ಬರುವಂತೆ ಇಡಬಹುದು. ಹದಿನೈದು ನಿಮಿಷದೊಳಗೆ ಎರಡನೇ ಸಲ ಕರೆ ಮಾಡಿದವರನ್ನು ಬಿಡುವ ಆಯ್ಕೆಯೂ ಆಂಡ್ರಾಯ್ಡ್‌ನಲ್ಲಿದೆ. ಮನೆಯಿಂದ ಬರುವ ಕರೆ ತಪ್ಪುವುದಿಲ್ಲ.

ನೀವೇ ಮೇಲಧಿಕಾರಿಯಾಗಿದ್ದರೆ ಕೆಲಸ ಇನ್ನೂ ಸುಲಭ. ರಾತ್ರಿ ಹನ್ನೊಂದಕ್ಕೆ ಏನೋ ಹೊಳೆದರೆ ಬರೆಯಿರಿ, ಆದರೆ ಶೆಡ್ಯೂಲ್ ಸೆಂಡ್‌ನಲ್ಲಿ ಬೆಳಗ್ಗೆ ಒಂಬತ್ತೂವರೆಗೆ ಇಡಿ. ನಿಮ್ಮ ಕೆಳಗಿನವರು ಇನ್‌ಬಾಕ್ಸ್ ಬಿಟ್ಟು ಏಳದಿರಲು ಅರ್ಧ ಕಾರಣ ನಿಮ್ಮ ಮೇಲ್‌ಗಳೇ ಇರಬಹುದು.

ಹಂತ 5: ಬಿಡುವ ಮುಂಚೆ ಒಂದು ಸಾಲು, ಕೂತ ಮೇಲೆ ಪೂರ್ತಿ

ಮೇಲ್ ತೆರೆಯುವ ಮುಂಚೆ, ಕೈಯಲ್ಲಿರುವ ಕೆಲಸ ಎಲ್ಲಿಗೆ ನಿಂತಿದೆ ಎಂದು ಒಂದು ಸಾಲು ಬರೆದಿಡಿ. 'ಚೆರಿ ಎಬಿ ಗ್ರೇಡ್ ಆಯಿತು, ಇನ್ನು ಪೀಬರಿಯಿಂದ ಕೂಡಿಸಬೇಕು.' ಕೆಲಸವನ್ನು ಅರ್ಧಕ್ಕೆ ಬಿಟ್ಟಾಗ ಮನಸ್ಸಿನ ಒಂದು ಪಾಲು ಅಲ್ಲೇ ಉಳಿಯುತ್ತದೆ ಎಂದು 2009ರಲ್ಲಿ ಸಂಶೋಧಕಿ ಸೋಫಿ ಲೆರಾಯ್ ತೋರಿಸಿದ್ದರು. ವಾಪಸ್ ಬಂದು ಏನು ಮಾಡಬೇಕು ಎಂದು ಬರೆದಿಟ್ಟರೆ ಆ ಎಳೆತ ಕಡಿಮೆಯಾಗುತ್ತದೆ ಎಂದು 2018ರಲ್ಲಿ ಅವರೇ ಥೆರೆಸಾ ಗ್ಲಾಂಬ್ ಜೊತೆ ಸೇರಿ ಕಂಡುಕೊಂಡರು. ಈ ಇಡೀ ಲೇಖನದಲ್ಲಿ ಒಂದನ್ನೇ ಮಾಡುತ್ತೇನೆ ಅನ್ನುವವರಿಗೆ ನಾನು ಇದನ್ನೇ ಹೇಳುತ್ತೇನೆ. ಅರ್ಧ ನಿಮಿಷದ ಕೆಲಸ, ಯಾರ ಒಪ್ಪಿಗೆಯೂ ಬೇಡ.

ಮೇಲ್ ಮುಂದೆ ಕೂತ ಮೇಲೆ ಪ್ರತಿಯೊಂದಕ್ಕೂ ಆಗಲೇ ಒಂದು ಗತಿ ಕಾಣಿಸಿ. ಎರಡು ನಿಮಿಷದ ಉತ್ತರವಾದರೆ ಬರೆದು ಕಳಿಸಿ. ಹೆಚ್ಚು ಹೊತ್ತು ಬೇಕಾದರೆ 'ಗುರುವಾರ ಸಂಜೆಯೊಳಗೆ ಕಳಿಸುತ್ತೇನೆ' ಎಂದು ಒಂದು ಸಾಲು ಹಾಕಿ, ಡೈರಿಯಲ್ಲಿ ಬರೆದುಕೊಂಡು, ಮೇಲನ್ನು ಸ್ನೂಜ್ ಮಾಡಿ. ಬೇರೆಯವರ ಕೆಲಸವಾದರೆ ದಾಟಿಸಿ. ಓದಿ, 'ಆಮೇಲೆ ನೋಡೋಣ' ಅಂತ ಮತ್ತೆ ಓದದ ಮೇಲ್ ಥರ ಗುರುತು ಮಾಡುವುದೇ ಎಲ್ಲಕ್ಕಿಂತ ಕೆಟ್ಟದ್ದು. ಸಿಟ್ಟಿನ ಮೇಲ್ ಒಂದನ್ನು ಓದಿ ಉತ್ತರಿಸದೆ ಬಿಟ್ಟರೆ ಆಮೇಲಿನ ಒಂದು ಗಂಟೆ ತಲೆಯಲ್ಲಿ ಅದೇ ಉತ್ತರ ಬರೆಯುತ್ತಿರುತ್ತೀರಿ, ಕೈ ಮಾತ್ರ ಬೇರೆ ಕೆಲಸದಲ್ಲಿ. ಅದಕ್ಕೇ ಉತ್ತರಿಸಲು ಸಮಯವಿಲ್ಲದಾಗ ಇಣುಕಲೇಬೇಡಿ.

ಉತ್ತರ ಬರೆಯುವಾಗ ಇನ್ನೊಂದು ಪ್ರಶ್ನೆ ಹುಟ್ಟದ ಹಾಗೆ ಬರೆಯಿರಿ. 'ಯಾವಾಗ ಸಿಗೋಣ?' ಎಂದರೆ ಇನ್ನು ನಾಲ್ಕು ಮೇಲ್ ಓಡಾಡುತ್ತವೆ. 'ಮಂಗಳವಾರ ಹನ್ನೊಂದಕ್ಕೆ ನಿಮ್ಮ ಆಫೀಸಿಗೆ ಬರುತ್ತೇನೆ. ಆಗದಿದ್ದರೆ ಬುಧವಾರ ಮೂರಕ್ಕೆ' ಎಂದರೆ ಒಂದರಲ್ಲಿ ಮುಗಿಯುತ್ತದೆ. ವಿಷಯದ ಸಾಲಿನಲ್ಲಿ ಬರೀ 'ವಿಷಯ' ಅಂತಲೋ 'ಹಲೋ' ಅಂತಲೋ ಹಾಕುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಅವರಿಗೆ ಪ್ರೀತಿಯಿಂದ ಹೇಳಿ.

ವಾಟ್ಸ್‌ಆ್ಯಪ್ ಮತ್ತು ಮಳೆಗಾಲ

ಇಷ್ಟೆಲ್ಲ ಮಾಡಿ ಪಕ್ಕದಲ್ಲಿ ವಾಟ್ಸ್‌ಆ್ಯಪ್ ವೆಬ್ ತೆರೆದಿಟ್ಟುಕೊಂಡರೆ ಏನೂ ಬದಲಾಗುವುದಿಲ್ಲ. ಆಫೀಸಿನ ಗುಂಪುಗಳನ್ನು ಮ್ಯೂಟ್ ಮಾಡಿ, ಮೇಲ್ ನೋಡುವ ಹೊತ್ತಿನಲ್ಲೇ ಅವನ್ನೂ ನೋಡಿ. ಗುಡ್ ಮಾರ್ನಿಂಗ್ ಚಿತ್ರಗಳಿಗೆ ಯಾವ ನಿಯಮವೂ ಇಲ್ಲ, ಅದು ನಿಮ್ಮ ಪುಣ್ಯ.

ಮಲೆನಾಡಿನಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಕರೆಂಟು, ಇಂಟರ್ನೆಟ್ ಎರಡನ್ನೂ ನಂಬುವ ಹಾಗಿಲ್ಲ. ಆಗ ಜನ ಇನ್ನೂ ಜಾಸ್ತಿ ಸಲ ಮೇಲ್ ತೆರೆಯುತ್ತಾರೆ, ನೆಟ್ ಬಂತಾ ನೋಡೋಣ ಅಂತ. ಅದಕ್ಕೆ ಮೊದಲೇ ಕ್ರೋಮ್‌ನಲ್ಲಿ ಜಿಮೇಲ್‌ನ ಆಫ್‌ಲೈನ್ ಸೌಲಭ್ಯ ಹಾಕಿಕೊಳ್ಳಿ. ಸೆಟ್ಟಿಂಗ್ಸ್‌ನಲ್ಲಿ ಆಫ್‌ಲೈನ್ ಪುಟಕ್ಕೆ ಹೋಗಿ 7, 30 ಅಥವಾ 90 ದಿನದ ಮೇಲ್ ಕಂಪ್ಯೂಟರಿನಲ್ಲೇ ಉಳಿಯುವಂತೆ ಇಡಬಹುದು. ನೆಟ್ ಇಲ್ಲದಾಗ ಬರೆದ ಉತ್ತರ ಔಟ್‌ಬಾಕ್ಸ್‌ನಲ್ಲಿ ಕಾದಿದ್ದು, ನೆಟ್ ಬಂದಾಗ ತಾನೇ ಹೋಗುತ್ತದೆ. ಬೇರೆಯವರೂ ಬಳಸುವ ಕಂಪ್ಯೂಟರಿನಲ್ಲಿ ಇದು ಬೇಡ.

ಯಾರಿಗೆ ಇದು ನಡೆಯುವುದಿಲ್ಲ?

ಹೋಟೆಲ್‌ನ ಫ್ರಂಟ್ ಆಫೀಸು, ಟ್ರಾವೆಲ್ಸ್ ಬುಕಿಂಗ್, ಗ್ರಾಹಕರ ದೂರು ತೆಗೆದುಕೊಳ್ಳುವ ಮೇಜು, ಇಲ್ಲೆಲ್ಲ ಮೇಲ್ ನೋಡುವುದೇ ಕೆಲಸ. ಅವರಿಗೆ ಹೊತ್ತು ಗೊತ್ತು ಮಾಡಿ ಅನ್ನುವುದು ತಮಾಷೆಯಾದೀತು. ಅಲ್ಲಿ ಪಾಳಿ ಹಾಕಿಕೊಳ್ಳುವುದು ಒಳ್ಳೆಯದು. ಇಬ್ಬರಿದ್ದರೆ ಊಟದವರೆಗೆ ಒಬ್ಬರು ಇನ್‌ಬಾಕ್ಸ್ ನೋಡಲಿ, ಇನ್ನೊಬ್ಬರು ಬಿಲ್ಲು, ರೂಮಿನ ಲೆಕ್ಕ ಮುಗಿಸಲಿ. ಊಟದ ಮೇಲೆ ಅದಲು ಬದಲು. ಆಫೀಸಿನ ಎಲ್ಲರ ಫೋನಿನಲ್ಲೂ ಒಂದೇ ಮೇಲ್ ಐಡಿ ಹಾಕಿಟ್ಟು ಎಲ್ಲರೂ ನೋಡುವುದು, ಕೊನೆಗೆ ಇನ್ನೊಬ್ಬರು ಉತ್ತರ ಕೊಟ್ಟಿರಬೇಕು ಅಂತ ಯಾರೂ ಕೊಡದಿರುವುದು, ನಮ್ಮ ಸಣ್ಣ ಆಫೀಸುಗಳಲ್ಲಿ ತೀರಾ ಸಾಮಾನ್ಯ. ಪಾಳಿ ಬದಲಾಗುವಾಗ ಉತ್ತರ ಬಾಕಿ ಇರುವ ಮೇಲ್‌ಗಳಿಗೆ ಸ್ಟಾರ್ ಹಾಕಿ ಕೊಡಿ. ಉತ್ತರ ಕೊಟ್ಟವರೇ ಸ್ಟಾರ್ ತೆಗೆಯಲಿ.